ಕೊನೆ ಗೊತ್ತಿರುವ ಕಥೆಯ ಕುತೂಹಲ: ನನ್ನ ಓದಿನ ಅನುಭವ

ಐತಿಹಾಸಿಕ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗಾಗಲೇ ಅದರ ಕೊನೆ ನಮಗೆ ಗೊತ್ತಿರುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ, ತ.ರಾ.ಸು. ಅವರಂತೂ ಅದನ್ನು ‘ದುರ್ಗಾಸ್ತಮಾನ’ ಎಂಬ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಆದರೂ ಪುಸ್ತಕವನ್ನು ಕೆಳಗಿಡಲು ಮನಸ್ಸು ಬರುವುದಿಲ್ಲ. ಇದು ಹೇಗೆ ಸಾಧ್ಯವೆಂಬ ಪ್ರಶ್ನೆಯೇ ಹೊಸನಗರದ ಮಳೆಗಾಲಗಳಲ್ಲಿ ನನ್ನ ಓದಿಗೊಂದು ಕ್ರಮವನ್ನು ತಂದುಕೊಟ್ಟಿತು.

ಮೊದಲ ಓದಿನಲ್ಲಿ ಇತಿಹಾಸದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳುವುದಿಲ್ಲ. ಎರಡನೆಯ ಓದಿಗೆ ನೋಟುಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಆ ಅಧ್ಯಾಯದ ಹೊತ್ತಿಗೆ ನನಗೆ ಗೊತ್ತಿರುವುದನ್ನೂ ಬಲಗಡೆ ಪಾತ್ರಕ್ಕೆ ಗೊತ್ತಿರುವುದನ್ನೂ ಬರೆಯುತ್ತ ಹೋಗುತ್ತೇನೆ. ಕೆಳದಿ ಚೆನ್ನಮ್ಮನ ಕಥೆಯನ್ನೇ ತೆಗೆದುಕೊಳ್ಳಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಾಗ ಅವನು ಸುರಕ್ಷಿತವಾಗಿ ತಮಿಳುನಾಡಿನ ಜಿಂಜಿ ಕೋಟೆಯನ್ನು ತಲುಪುವನೆಂಬುದು ನನ್ನ ಅಂಕಣದಲ್ಲಿದೆ, ರಾಣಿಯ ಅಂಕಣದಲ್ಲಿಲ್ಲ. ಅವಳ ಎದುರಿಗಿರುವುದು ಔರಂಗಜೇಬನ ಸೈನ್ಯ ಮಾತ್ರ. ಎರಡು ಅಂಕಣಗಳ ನಡುವಣ ಈ ಅಂತರವನ್ನು ಕಾದಂಬರಿಕಾರರು ಎಷ್ಟು ಹೊತ್ತು ಹಿಡಿದಿಡಬಲ್ಲರು ಎಂಬುದರ ಮೇಲೆಯೇ ಕುತೂಹಲದ ಆಯುಷ್ಯ ನಿಂತಿರುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಲೆಕ್ಕ ತಿರುವುಮುರುವಾಗಿ, ಅಪರಾಧಿಗೆ ಗೊತ್ತಿರುವುದು ನನಗೆ ಗೊತ್ತಿರುವುದಿಲ್ಲ.

ಹಳೆಯ ಕೋಟೆ, ಕತ್ತಲು, ಗುಟ್ಟು, ಭಯಗಳ ಸುತ್ತ ಹೆಣೆದ ಗಾಥಿಕ್ ಕಾದಂಬರಿಗಳಿಗೆ ಈ ಎರಡು ಅಂಕಣಗಳು ಸಾಲವು, ಮನೆಯ ನಕ್ಷೆಯೂ ಬೇಕು. ಆ ಪ್ರಕಾರಕ್ಕೆ ನಾಂದಿ ಹಾಡಿದ ಹೊರೇಸ್ ವಾಲ್ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರ ಕೊನೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಇಸಾಬೆಲ್ಲಾ ಕೋಟೆಯಿಂದ ಚರ್ಚಿಗೆ ಹೋಗುವ ಸುರಂಗದಲ್ಲಿ ಓಡುವಾಗ ಕೈಯಲ್ಲಿದ್ದ ದೀಪ ಆರಿಹೋಗುತ್ತದೆ. ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ಮೊದಲೇ ಗೀಚಿಟ್ಟುಕೊಂಡಿದ್ದರೆ ಆ ಕತ್ತಲು ಓದುಗರನ್ನೂ ಮುತ್ತುತ್ತದೆ. ಉಪ್ಪರಿಗೆ, ಅಟ್ಟ, ಹಗಲಿನಲ್ಲೂ ದೀಪ ಬೇಡುವ ಒಳಕೋಣೆಗಳಿರುವ ಹಳೆಯ ಮನೆಗಳಲ್ಲಿ ಬೆಳೆದ ಮಲೆನಾಡಿನವರಿಗೆ ಇದು ಕಷ್ಟವಲ್ಲವೆಂದು ನನ್ನ ನಂಬಿಕೆ. ಆನ್ ರ‍್ಯಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಇನ್ನೂ ಸೂಕ್ಷ್ಮವಾದದ್ದು. ನಾಯಕಿ ಎಮಿಲಿ ಕಪ್ಪು ಪರದೆಯನ್ನು ಸರಿಸಿ, ಹಿಂದಿದ್ದುದನ್ನು ಕಂಡು ಮೂರ್ಛೆ ಹೋಗುತ್ತಾಳೆ. ಅವಳು ಕಂಡದ್ದೇನೆಂಬುದನ್ನು ಲೇಖಕಿ ನಮಗೆ ತಿಳಿಸುವುದು ಕಾದಂಬರಿಯ ಕೊನೆಯ ಹೊತ್ತಿಗೆ. ಅಷ್ಟು ಕಾಲ ನನ್ನ ಅಂಕಣ ಖಾಲಿಯಾಗಿಯೇ ಉಳಿದಿತ್ತು, ಆ ಖಾಲಿ ಜಾಗವೇ ನನ್ನನ್ನು ಅಷ್ಟು ದೊಡ್ಡ ಪುಸ್ತಕದುದ್ದಕ್ಕೂ ನಡೆಸಿತು.

ಒಟ್ರಾಂಟೊ ಹೊರಬರುವುದಕ್ಕೆ ಹಿಂದಿನ ವರ್ಷ, ಅಂದರೆ 1763ರಲ್ಲಿ, ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು (ಹೊಸನಗರ ತಾಲ್ಲೂಕಿನ ಇಂದಿನ ನಗರ) ಹೈದರಾಲಿಯ ಕೈಸೇರಿತು. ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿ ಈ ಭಾಗವನ್ನು ಓದಿದಾಗ ಗಾಥಿಕ್ ಕಾದಂಬರಿಗೆ ಬೇಕಾದುದೆಲ್ಲ ನಮ್ಮ ತಾಲ್ಲೂಕಿನಲ್ಲೇ ನಡೆದುಹೋಗಿದೆ ಎನಿಸಿತು. ಸತ್ತನೆಂದು ಎಲ್ಲರೂ ನಂಬಿದ್ದ ಕೆಳದಿಯ ಅರಸ ಚನ್ನಬಸಪ್ಪ ನಾಯಕ ತಾನೇ ಎಂದು ಹೇಳಿಕೊಂಡು ಒಬ್ಬ ಯುವಕ ಹೈದರನ ಮುಂದೆ ಬರುತ್ತಾನೆ. ಕುಂಸಿಯಲ್ಲಿ ಸೆರೆಯಲ್ಲಿದ್ದ ಮಾಜಿ ಮಂತ್ರಿ ಲಿಂಗಣ್ಣ ಬಿದನೂರಿಗೆ ಹೋಗುವ ಗುಪ್ತ ದಾರಿಯ ಸುಳಿವು ಕೊಡುತ್ತಾನೆ. ಕೆಳದಿಯ ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗದ ಕಡೆಗೆ ಪಲಾಯನ ಮಾಡುತ್ತಾಳೆ. ವಿಲ್ಕ್ಸ್‌ನ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ, ಘಟನೆ ಕಳೆದು ಸುಮಾರು ಅರ್ಧ ಶತಮಾನದ ಮೇಲೆ, ಅದೂ ಗೆದ್ದವರ ನಾಡಿನ ಚರಿತ್ರೆಯಾಗಿ. ರಾಣಿಯ ನಡತೆಯ ಬಗ್ಗೆ ಅವನು ಬರೆದುದನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಆದ್ದರಿಂದ ಇಂಥ ವಸ್ತುವಿನ ಮೇಲೆ ಬಂದ ಕಾದಂಬರಿಯ ಎರಡನೆಯ ಓದು ಮುಗಿದ ಬಳಿಕ, ಕೆಳದಿ ಅರಸರ ಕಡೆಯಿಂದ ಕಥೆ ಹೇಳುವ ಲಿಂಗಣ್ಣ ಕವಿಯ (ಮೇಲೆ ಹೇಳಿದ ಮಂತ್ರಿಯಲ್ಲ, ಈತ ಬೇರೆ) ‘ಕೆಳದಿನೃಪವಿಜಯ’ವನ್ನೂ ವಿಲ್ಕ್ಸ್‌ನನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು, ಇಬ್ಬರೂ ಮೌನವಾಗಿರುವ ಕಡೆ ಕಾದಂಬರಿಕಾರರು ಏನನ್ನು ತುಂಬಿದ್ದಾರೆಂದು ನೋಡುತ್ತೇನೆ. ಆ ಯುವಕ ನಿಜವಾದ ನಾಯಕನೋ ಸೋಗಿನವನೋ ಎಂಬುದನ್ನು ಸುಲಭವಾಗಿ ತೀರ್ಮಾನಿಸದೆ, ಹೈದರನಿಗೆ ಅವನಿಂದಾದ ಪ್ರಯೋಜನವನ್ನು ತೋರಿಸುವ ಬರಹಗಾರರೇ ನನಗೆ ಹೆಚ್ಚು ಹಿಡಿಸುತ್ತಾರೆ.

ಜಾಗವನ್ನು ನೋಡಿ ಬರುವುದೂ ಓದಿನ ಭಾಗವೇ. ನಗರದ ಕೋಟೆಯನ್ನೂ ಕವಲೇದುರ್ಗವನ್ನೂ ಸುತ್ತಿದ ಮೇಲೆ, ಸೈನ್ಯವೊಂದು ಘಟ್ಟ ಏರಿತೆಂಬ ಒಂದು ಸಾಲು ಎಷ್ಟು ಮಳೆ, ಎಷ್ಟು ಕಾಡು, ಎಷ್ಟು ಇಳಿಜಾರನ್ನು ಒಳಗಿಟ್ಟುಕೊಂಡಿದೆ ಎಂಬುದು ಅರಿವಾಗುತ್ತದೆ.

ಓದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ನನ್ನದೊಂದು ಪದ್ಧತಿಯಿದೆ. ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ 1859–60ರಲ್ಲಿ ವಾರಪತ್ರಿಕೆಯ ಧಾರಾವಾಹಿಯಾಗಿ ಬಂದದ್ದು. ನಮ್ಮ ವಾರಪತ್ರಿಕೆಗಳಲ್ಲಿ ಬಂದ ಎಷ್ಟೋ ಕಾದಂಬರಿಗಳಂತೆ ಅದರ ಕಂತುಗಳೂ ಮುಂದಿನ ವಾರದವರೆಗೆ ಓದುಗರನ್ನು ಕಾಯಿಸುವ ಕಡೆಯೇ ನಿಲ್ಲುತ್ತವೆ. ಅಲ್ಲಿ ಪುಸ್ತಕ ಮುಚ್ಚಲು ಯಾರಿಗೂ ಆಗದು. ಹಾಗಾಗಿ ಅಧ್ಯಾಯದ ನಡುವೆ, ಪಾತ್ರಗಳು ಊಟಕ್ಕೆ ಕೂತಲ್ಲೋ ಪತ್ರ ಬರೆಯುವಲ್ಲೋ ನಿಲ್ಲಿಸುತ್ತೇನೆ. ಮರುದಿನ ಅಲ್ಲಿಂದ ಮುಂದುವರಿದಾಗ ಅವಸರವಿಲ್ಲದೆ ಭಾಷೆಯ ಕಡೆ ಗಮನ ಹೋಗುತ್ತದೆ, ಮುಂದೆ ಬರಲಿರುವ ಅಪಾಯದ ಸುಳಿವುಗಳು ಆ ಸಾಧಾರಣ ಮಾತುಗಳ ನಡುವೆಯೇ ಕಾಣಸಿಗುತ್ತವೆ.