ಗಾಳಿ ಹಾಸಿಗೆ ಮತ್ತು ಕೊಡಗಿನ ಮಳೆಗಾಲ: ನನ್ನ ಅನುಭವ

ಗಡಸುತನವನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಗಾಳಿ ಹಾಸಿಗೆಯೊಂದನ್ನು ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇವೆ. ಗಾಳಿ ಹಾಸಿಗೆ ಎಂದೊಡನೆ ಎಲ್ಲರೂ ಮೊದಲು ಕೇಳುವುದು ಪಂಕ್ಚರ್ ಆಗುವುದಿಲ್ಲವೇ ಎಂದು. ಇಷ್ಟು ಕಾಲದ ಬಳಕೆಯಲ್ಲಿ ನಾನು ಕಂಡಂತೆ, ಒಳಗಿನ ಗಾಳಿಚೀಲವೇ ಈ ಹಾಸಿಗೆಯ ಅತ್ಯಂತ ಗಟ್ಟಿಯಾದ ಭಾಗ. ಅದರ ಮೇಲಿರುವ ಫೋಮ್ ಸವೆಯುತ್ತದೆ; ಅದಕ್ಕಿಂತ ಮುಖ್ಯವಾಗಿ, ಚೀಲ ಮತ್ತು ಫೋಮಿನ ನಡುವೆ ತೇವ ಸೇರಿಕೊಳ್ಳುತ್ತದೆ.

ಪ್ರವಾಸಕ್ಕೆ ಒಯ್ಯುವ ಊದುವ ಹಾಸಿಗೆಗೂ ಇದಕ್ಕೂ ಸಂಬಂಧವಿಲ್ಲ. ಬಹುಕಾಲ ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಹಾಸುವ, ಪಂಪ್ ಸದಾ ಓಡುತ್ತಿರಬೇಕಾದ ಆಸ್ಪತ್ರೆಯ ಹಾಸಿಗೆಯೂ ಬೇರೆಯೇ. ನಮ್ಮ ಹಾಸಿಗೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ರಬ್ಬರಿನ ಗಾಳಿಚೀಲವಿದೆ. ಸುತ್ತಲೂ ಫೋಮಿನ ಅಂಚು, ಮೇಲೆ ಫೋಮಿನ ಪದರ, ಎಲ್ಲವನ್ನೂ ಮುಚ್ಚುವ ಜಿಪ್ ಹೊದಿಕೆ, ಮಂಚದ ಕೆಳಗೆ ಪುಟ್ಟ ಪಂಪ್. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಸೆಲೆಕ್ಟ್ ಕಂಫರ್ಟ್ ಕಂಪನಿ (2017ರಿಂದ ಸ್ಲೀಪ್ ನಂಬರ್) ಈ ಬಗೆಯನ್ನು ಮನೆಮಾತಾಗಿಸಿತು. ನಮ್ಮದು ಬೇರೆ ತಯಾರಕರದು. ರಚನೆ ಮಾತ್ರ ಹೆಚ್ಚುಕಡಿಮೆ ಅದೇ.

ನಾನು ಇದನ್ನು ಕೊಂಡದ್ದು ಸೊಂಟನೋವಿಗಾಗಿ. ಬೆನ್ನುನೋವಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಸ್ಪೇನಿನಲ್ಲಿ 313 ರೋಗಿಗಳ ಮೇಲೆ ನಡೆದು, 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ದೀರ್ಘಕಾಲದ ಕೆಳಬೆನ್ನಿನ ನೋವಿಗೆ ಬಹಳ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಡಸಿನದೇ ಹೆಚ್ಚು ಹಿತವೆಂದು ತೋರಿಸಿತು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ತೋಟದಲ್ಲಿ ಕಸಿ ಮಾಡಿಸಿ ಬಂದ ದಿನ ಗಾಳಿಯನ್ನು ತುಸು ಇಳಿಸಿಕೊಂಡರೆ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುವುದಿಲ್ಲ. ನನ್ನ ಹೆಂಡತಿಗೆ ಗಟ್ಟಿಯೇ ಬೇಕು. ಅವಳ ಪಾಲಿನ ಚೀಲ ಬೇರೆಯಾದ್ದರಿಂದ ಇಬ್ಬರಿಗೂ ತೊಂದರೆಯಿಲ್ಲ.

ಸಂಜೆ ಸರಿಯಾಗಿದ್ದ ಹಾಸಿಗೆ ಬೆಳಗಿನ ಜಾವಕ್ಕೆ ಮೆತ್ತಗಾಗುವುದು ಚಳಿಗಾಲದಲ್ಲಿ ನಮಗೆ ನಿತ್ಯದ ಸಂಗತಿ. ಇದು ಸೋರಿಕೆಯಲ್ಲ. ಮುಚ್ಚಿದ ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಅದರ ಒಟ್ಟು ಒತ್ತಡ ಶೇಕಡ 3ಕ್ಕಿಂತ ತುಸು ಹೆಚ್ಚು ಇಳಿಯಲು ನೋಡುತ್ತದೆ. ಹಾಸಿಗೆಯೊಳಗೆ ಇರುವುದು ಹೊರಗಿನ ವಾಯುಭಾರಕ್ಕಿಂತ ಅಲ್ಪವೇ ಹೆಚ್ಚಾದ ಒತ್ತಡವಾದ್ದರಿಂದ, ಆ ಚಿಕ್ಕ ಇಳಿಕೆಯೂ ಬೆನ್ನಿಗೆ ತಿಳಿಯುತ್ತದೆ. ಎತ್ತರದ ಪರಿಣಾಮವೂ ಹೀಗೆಯೇ: ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ವಾಯುಭಾರ ಕರಾವಳಿಗಿಂತ ಎಂಟನೆಯ ಒಂದು ಪಾಲಿನಷ್ಟು ಕಡಿಮೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬುವುದು ಇದರಿಂದಲೇ. ಆದ್ದರಿಂದ ಗಾಳಿ ತುಂಬಿಟ್ಟ ಚೀಲವನ್ನು ಘಾಟಿ ಹತ್ತಿಸಬಾರದು. ಇಲ್ಲಿಗೆ ತಂದೇ ತುಂಬಬೇಕು.

ನಿಜವಾಗಿ ಸೋರುತ್ತಿದೆಯೇ ಎಂದು ತಿಳಿಯಲು ನಾನು ಅನುಸರಿಸುವ ಕ್ರಮ ಸರಳವಾದದ್ದು. ಪಂಪಿನಿಂದ ಬರುವ ಎರಡು ಕೊಳವೆಗಳನ್ನು ಅದಲುಬದಲು ಮಾಡಿ ಜೋಡಿಸುತ್ತೇನೆ. ಕುಸಿತ ಇನ್ನೊಂದು ಬದಿಗೆ ಹೋದರೆ ದೋಷ ಪಂಪಿನ ಕವಾಟದ ಕಡೆಗಿದೆ; ಹಳೆಯ ಬದಿಯಲ್ಲೇ ಉಳಿದರೆ ಚೀಲದಲ್ಲಿ ಅಥವಾ ಅದರ ಬಾಯಿಯಲ್ಲಿದೆ. ಆಮೇಲೆ ಸೋಪಿನ ನೊರೆಯನ್ನು ಕುಂಚದಿಂದ ಬಳಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ನಮ್ಮಲ್ಲಿ ಗುಳ್ಳೆ ಎದ್ದದ್ದು ಕೊಳವೆ ಸೇರುವೆಡೆಯಲ್ಲಿ. ಅಲ್ಲಿನ ರಬ್ಬರ್ ಉಂಗುರ ಒಣಗಿ ಬಿರುಸಾಗಿತ್ತು. ನೀರಿನ ಫಿಲ್ಟರ್ ರಿಪೇರಿ ಮಾಡುವವರ ಬಳಿ ಅದೇ ಅಳತೆಯ ಉಂಗುರ ಸಿಕ್ಕಿತು.

ಇನ್ನು ತೇವದ ವಿಚಾರ. ಬೂರುಗದ ಹತ್ತಿಯ ಹಾಸಿಗೆಗೂ ಕಕ್ಕಡ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬೂಷ್ಟು ಹಿಡಿಯುತ್ತದೆ. ಆದರೆ ಅದು ಮೇಲೆಯೇ ಕಾಣುತ್ತದೆ, ಮೂಗಿಗೂ ಬಡಿಯುತ್ತದೆ. ಗಾಳಿ ಹಾಸಿಗೆಯಲ್ಲಿ ಬೂಷ್ಟು ಕಣ್ಣಿಗೆ ಬೀಳದ ಕಡೆ ಬೆಳೆಯುತ್ತದೆ. ಮಲಗಿದವರ ಮೈಯಿಂದ ಹೊರಟ ಆವಿ ಫೋಮನ್ನು ದಾಟಿ ತಣ್ಣನೆಯ ರಬ್ಬರಿನ ಮೇಲೆ ತಂಗುತ್ತದೆ. ರಬ್ಬರು ಅದನ್ನು ಕೆಳಗೆ ಬಿಡುವುದಿಲ್ಲ, ವಾರಗಟ್ಟಲೆ ಬಿಸಿಲು ಕಾಣದ ಕೋಣೆಯ ಗಾಳಿ ಅದನ್ನು ಮೇಲಕ್ಕೂ ಎಳೆದುಕೊಳ್ಳುವುದಿಲ್ಲ. ಜುಲೈನಲ್ಲಿ ಜಿಪ್ ತೆಗೆದು ಫೋಮನ್ನು ಎತ್ತಿ ನೋಡಿದರೆ, ಚೀಲದ ಮೇಲೆ ಭುಜ ಮತ್ತು ಸೊಂಟ ಊರುವ ಜಾಗದಲ್ಲಷ್ಟೇ ಸಣ್ಣ ಹನಿಗಳು ಕಟ್ಟಿರುತ್ತವೆ; ಕಾಲಿನ ಕಡೆ ಒಣಗಿಯೇ ಇರುತ್ತದೆ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆಯಾದರೂ ಹೊದಿಕೆ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಫೋಮನ್ನು ಗೋಡೆಗೆ ಒರಗಿಸಿ, ಸಂಜೆಯವರೆಗೆ ಫ್ಯಾನ್ ಹಾಕಿಡುತ್ತೇವೆ. ಚೀಲಕ್ಕೂ ಫೋಮಿಗೂ ನಡುವೆ ಹಳೆಯ ಹತ್ತಿ ಪಂಚೆಯೊಂದನ್ನು ಹರಡಿದ್ದೇವೆ. ತೇವವನ್ನು ಅದು ಹೀರಿಕೊಳ್ಳುತ್ತದೆ, ಪ್ರತಿ ಸಲ ಬದಲಿಸಬಹುದು. ಮಂಚದ ಇಡಿಯ ಹಲಗೆಯನ್ನು ತೆಗೆಸಿ ಸಂದು ಬಿಟ್ಟ ಪಟ್ಟಿಗಳನ್ನು ಹೊಡೆಸಿದ ಮೇಲೆ ಕೆಳಭಾಗದ ತೇವ ಬಹುಮಟ್ಟಿಗೆ ನಿಂತಿತು. ಆದರೆ ಮಳೆ ಬಿಟ್ಟ ಮೇಲೆ ಊರೆಲ್ಲ ಹಾಸಿಗೆಗಳನ್ನು ಕಾಫಿ ಕಣದ ಬಿಸಿಲಿಗೆ ಹಾಕುವಾಗ ಇದನ್ನು ಹಾಕಬಾರದು. ನೇರ ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ, ರಬ್ಬರು ಬಿರುಕು ಬಿಡುತ್ತದೆ. ನೆರಳಿನಲ್ಲಿ ಗಾಳಿಯಾಡಿದರೆ ಸಾಕು.

ಕರೆಂಟ್ ಹೋದರೆ ಹಾಸಿಗೆ ಕುಸಿಯುವುದಿಲ್ಲ. ಕವಾಟ ಮುಚ್ಚಿಯೇ ಇರುತ್ತದೆ, ಗಡಸು ಬದಲಿಸಲು ಆಗುವುದಿಲ್ಲ ಅಷ್ಟೆ. ಏಪ್ರಿಲ್‌, ಮೇ ತಿಂಗಳ ಗುಡುಗು ಮಳೆಯಲ್ಲಿ ರಾತ್ರಿ ಪ್ಲಗ್ ಕಿತ್ತಿಡುವುದು ನಮ್ಮ ರೂಢಿ.

ಮೇಲಿನ ಫೋಮ್ ಪದರವನ್ನು ಈ ನಡುವೆ ಬದಲಿಸಿದ್ದೇವೆ. ಮಲಗುವ ಎರಡೂ ಜಾಗ ತಗ್ಗಾಗಿ, ನಡುವೆ ದಿಣ್ಣೆ ಎದ್ದಂತಾಗಿತ್ತು; ಎಷ್ಟು ಗಾಳಿ ತುಂಬಿದರೂ ಅದು ಹೋಗುವುದಿಲ್ಲ, ಏಕೆಂದರೆ ಸವೆದದ್ದು ಗಾಳಿಯ ಭಾಗವಲ್ಲ. ನಮ್ಮ ಕಡೆ ಇದನ್ನು ಕೊಳ್ಳಬಯಸುವವರು ರಿಮೋಟಿನಲ್ಲಿ ಎಷ್ಟು ಬಟನ್‌ಗಳಿವೆ ಎಂದು ನೋಡುವುದಕ್ಕಿಂತ, ಹೊದಿಕೆಯ ಜಿಪ್ ಸುತ್ತಲೂ ಪೂರ್ತಿ ಬಿಚ್ಚುತ್ತದೆಯೇ, ಫೋಮ್ ಬಿಡಿಯಾಗಿ ಸಿಗುತ್ತದೆಯೇ, ಕೊಳವೆ ಮತ್ತು ಉಂಗುರಗಳನ್ನು ಮನೆಯಲ್ಲೇ ಬಿಚ್ಚಿ ಹಾಕಬಹುದೇ ಎಂಬುದನ್ನು ಕೇಳಿ ತಿಳಿಯಬೇಕು. ಹೊದಿಕೆಯನ್ನು ಹೊಲಿದೇ ಮುಚ್ಚಿರುವ ಹಾಸಿಗೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಡಗಿನ ಮನೆಗೆ ತರಬಾರದು.