ಬಾಲಿಯ ಸೆಬಾಟು ತೀರ್ಥಕ್ಕೆ ಹೋಗುವವರಿಗೆ

ಮಂಗಳೂರಿನ ಕದ್ರಿಯ ಗೋಮುಖದ ನೀರಿಗೆ ತಲೆಯೊಡ್ಡಿ ಬೆಳೆದವಳು ನಾನು. ಬಾಲಿಯವರೂ ಪವಿತ್ರ ಜಲವನ್ನು ‘ತೀರ್ತ’ ಎನ್ನುವುದನ್ನು ಕೇಳಿದಾಗ ಮೈ ಜುಮ್ಮೆಂದಿತು. ಕದ್ರಿಯ ಲೋಕೇಶ್ವರ ವಿಗ್ರಹದ ಶಾಸನ ಕ್ರಿ.ಶ. 968ರದು, ಬಾಲಿಯ ಹೆಸರಾಂತ ತೀರ್ಥಗುಡಿ ತೀರ್ತ ಎಂಪುಲ್ 962ರದು. ಆದರೆ ಎಂಪುಲ್‌ನಲ್ಲಿ ಈಗ ಜನಜಂಗುಳಿ. ನೆಮ್ಮದಿಯಾಗಿ ಮೀಯಬೇಕೆಂದರೆ ಉಬುದ್ ಪಟ್ಟಣದಿಂದ ಉತ್ತರಕ್ಕಿರುವ ಸೆಬಾಟು ಹಳ್ಳಿಗೆ ಹೋಗಿ. ಅಲ್ಲಿನ ‘ಗುನುಂಗ್ ಕಾವಿ’ ಎಂಬ ವಿಷ್ಣುವಿನ ಗುಡಿಯ ಸುತ್ತ ತೋಟ, ತಿಳಿನೀರಿನ ಕೊಳಗಳು, ಬಣ್ಣಬಣ್ಣದ ಮೀನುಗಳು.

ಚಾಲಕನಿಗೆ ‘ಗುನುಂಗ್ ಕಾವಿ’ ಎಂದಷ್ಟೇ ಹೇಳಬೇಡಿ. ತಂಪಕ್‌ಸಿರಿಂಗ್ ಎಂಬ ಊರಿನಲ್ಲಿ ಅದೇ ಹೆಸರಿನ ಇನ್ನೊಂದು ಗುಡಿಯಿದೆ. ನಾವು ಮೊದಲ ದಿನ ಅಲ್ಲಿಗೆ ಹೋಗಿಬಿಟ್ಟೆವು. ನೂರಾರು ಮೆಟ್ಟಿಲು ಇಳಿದು ಹತ್ತಿದ ಅಮ್ಮನ ಮೊಣಕಾಲು ಎರಡು ದಿನ ನೋಯಿತು. ‘ಸೆಬಾಟು’ ಎಂದು ಒತ್ತಿ ಹೇಳಿ.

ಬೆಳಿಗ್ಗೆ ಬೇಗ ಹೋಗಿ. ಹುಣ್ಣಿಮೆಯಂದು ಊರವರು ಪೂಜೆಗೆ ಸೇರುತ್ತಾರೆ, ಅವರಿಗೆ ಜಾಗ ಬಿಡಿ. ಗಂಡಸರಿಗೆ ನಮ್ಮ ಮುಂಡು ನಡೆಯುತ್ತದೆ. ಊರಿನಲ್ಲಿ ಮಾಡುವಂತೆ ಮೊಣಕಾಲಿಗೆ ಎತ್ತಿ ಕಟ್ಟಬಾರದು ಅಷ್ಟೆ. ಸೊಂಟಕ್ಕೆ ಸೆಲೆಂದಾಂಗ್ ಎಂಬ ಪಟ್ಟಿ ಬೇಕೇ ಬೇಕು. ಮುಟ್ಟಿನ ದಿನಗಳಲ್ಲಿ ಹೆಂಗಸರು ಒಳಗೆ ಹೋಗುವಂತಿಲ್ಲ. ಮಿಂದ ಮೇಲೆ ಉಡಲು ಒಣಬಟ್ಟೆ ಒಯ್ಯಿರಿ.

ನೀರಿಗಿಳಿಯುವ ಮೊದಲು ‘ಚನಾಂಗ್’ ಅರ್ಪಿಸಬೇಕು. ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ: ಎಳೆ ತೆಂಗಿನ ಗರಿಯನ್ನು ಮಡಚಿ, ಬಿದಿರಿನ ಕಡ್ಡಿ ಚುಚ್ಚಿ ಮಾಡಿದ ಅಂಗೈಯಗಲದ ತಟ್ಟೆ. ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ವಿಷ್ಣುವಿನ ದಿಕ್ಕಾದ ಉತ್ತರಕ್ಕೆ ನೀಲಿ ಅಥವಾ ಹಸಿರು. ನಮ್ಮ ಭೂತಕೋಲದ ತೆಂಗಿನ ಗರಿಯ ಕೆಲಸ ಬಲ್ಲ ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಶುದ್ಧಿಸ್ನಾನಕ್ಕೆ ಅಲ್ಲಿ ‘ಮೆಲುಕಾತ್’ ಎನ್ನುತ್ತಾರೆ. ಕೈಮುಗಿದು, ನೀರಿನ ಧಾರೆಗೆ ತಲೆಯೊಡ್ಡಿ, ಮುಖ ತೊಳೆದುಕೊಳ್ಳಿ. ಸೋಪು, ಶಾಂಪೂ ಕೂಡದು. ಯಾವ ಧಾರೆಗೆ ಹೋಗಬೇಕು ಎಂಬುದನ್ನು ಊರವರನ್ನು ನೋಡಿಯೇ ಕಲಿಯಿರಿ; ತೀರ್ತ ಎಂಪುಲ್‌ನಲ್ಲಿ ಎರಡು ಧಾರೆಗಳು ಸತ್ತವರ ಕರ್ಮಕ್ಕೆಂದೇ ಮೀಸಲು. ಮೀಯುವವರ ಫೋಟೊ ತೆಗೆಯಲೇಬೇಡಿ. ಅದು ಅವರ ಪ್ರಾರ್ಥನೆಯ ಹೊತ್ತು.

ಪೂಜೆಯಲ್ಲಿ ಕುಳಿತರೆ ಅರ್ಚಕರು ಬಲ ಅಂಗೈಗೆ ತೀರ್ಥ ಹಾಕುತ್ತಾರೆ. ಮೂರು ಸಲ ಕುಡಿಯಿರಿ, ಉಳಿದದ್ದನ್ನು ತಲೆಗೆ ಸವರಿಕೊಳ್ಳಿ. ಆಮೇಲೆ ‘ಬಿಜ’ ಎಂಬ ಒದ್ದೆ ಅಕ್ಕಿಕಾಳುಗಳನ್ನು ಹಣೆಗೂ ಕೊರಳಿಗೂ ಅಂಟಿಸಿಕೊಳ್ಳಬೇಕು. ಒರೆಸಬೇಡಿ, ತಾವಾಗಿ ಉದುರಲಿ. ಅಮ್ಮನ ಹಣೆಯ ಮೇಲೆ ಸಂಜೆಯವರೆಗೂ ಎರಡು ಕಾಳು ಉಳಿದಿದ್ದವು.