ಮೆಮೊರಿ ಕಾರ್ಡಿಗೆ ಆಪರೇಟಿಂಗ್ ಸಿಸ್ಟಂ ಬರೆಯುವ ಕ್ರಮ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಸಾಮಾನ್ಯವಾಗಿ ಮೈಕ್ರೊ ಎಸ್‌ಡಿ ಕಾರ್ಡಿನಿಂದಲೇ ಚಾಲೂ ಆಗುತ್ತದೆ. ಮುಂಬಯಿಯ ನಮ್ಮ ಕಾಲೇಜು ಮಕ್ಕಳು ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಯಿಂದ ಬೋರ್ಡು ಕೊಂಡು ತಂದು, ಡೌನ್‌ಲೋಡ್ ಮಾಡಿದ ಇಮೇಜ್ ಫೈಲನ್ನು ಕಾರ್ಡಿಗೆ ಬರೇ ಕಾಪಿ ಮಾಡಿ, ಪರದೆಯಲ್ಲಿ ಏನೂ ಮೂಡದಿದ್ದಾಗ ಬೋರ್ಡೇ ಕೆಟ್ಟಿದೆಯೆಂದು ಅಂಗಡಿಗೆ ಮರಳುವುದುಂಟು. ಇಮೇಜ್ ಎಂಬುದು ಪಾರ್ಟಿಷನ್ ಪಟ್ಟಿ (ಡಿಸ್ಕನ್ನು ಯಾವ ಯಾವ ಭಾಗಗಳಾಗಿ ಹಂಚಿದೆ ಎಂಬ ವಿವರ), ಚಾಲೂ ಮಾಡಲು ಬೇಕಾದ ಬೂಟ್ ಭಾಗ, ಆಪರೇಟಿಂಗ್ ಸಿಸ್ಟಂ ಇರುವ ಲಿನಕ್ಸ್ ಭಾಗ ಎಲ್ಲವನ್ನೂ ಒಳಗೊಂಡ ಇಡೀ ಡಿಸ್ಕಿನ ಪಡಿಯಚ್ಚು. ಅದನ್ನು ಕಾರ್ಡಿನ ಮೊದಲ ಸೆಕ್ಟರಿನಿಂದ, ಅಂದರೆ ಮಾಹಿತಿ ಕೂರುವ ಮೊಟ್ಟಮೊದಲ ತುಣುಕಿನಿಂದ ಹಿಡಿದು ಇದ್ದ ಹಾಗೆಯೇ ಇಳಿಸಬೇಕು.

ಮೊದಲು ಕಾರ್ಡು. ಎ1 (ಆ್ಯಪ್‌ಗಳನ್ನು ಓಡಿಸಲು ತಕ್ಕ ವೇಗವಿದೆ ಎಂಬ) ಗುರುತಿರುವ 32 ಜಿಬಿ ಕಾರ್ಡು ಧಾರಾಳವಾಗಿ ಸಾಕು. ಅಗ್ಗಕ್ಕೆ ಸಿಕ್ಕಿತೆಂದು ತಂದ ಕಾರ್ಡಿನಲ್ಲಿ ಮೋಸವಿರಬಹುದು: ಒಳಗೆ 8 ಜಿಬಿ ಇದ್ದರೂ ಅದು 64 ಜಿಬಿ ಎಂದೇ ಕಂಪ್ಯೂಟರಿಗೆ ಹೇಳುತ್ತದೆ. ಐದಾರು ಜಿಬಿಯ ಇಮೇಜ್ ಅದರಲ್ಲಿ ಸರಿಯಾಗಿಯೇ ಕೂರುತ್ತದೆ, ಬರೆದಾದ ಮೇಲಿನ ಪರಿಶೀಲನೆಯಲ್ಲೂ ಪಾಸಾಗುತ್ತದೆ. ಆದರೆ ಬಳಸುತ್ತ ಹೋಗಿ ನಿಜವಾದ ಜಾಗ ತುಂಬಿದ ಮೇಲೆ ಫೈಲುಗಳು ಹಾಳಾಗತೊಡಗುತ್ತವೆ. ಆದ್ದರಿಂದ ಹೊಸ ಕಾರ್ಡನ್ನು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ತಂತ್ರಾಂಶದಿಂದ ಒಮ್ಮೆ ಪೂರ್ತಿ ತುಂಬಿಸಿ ಓದಿಸಿ ನೋಡುವುದು ಒಳ್ಳೆಯದು. ಸಮಯ ಹಿಡಿಯುತ್ತದೆ, ಆದರೂ ಮಾಡಿ.

ಕಾರ್ಡನ್ನು ಅಡಾಪ್ಟರಿನಲ್ಲಿಟ್ಟು ಲ್ಯಾಪ್‌ಟಾಪಿಗೆ ಹಾಕುವ ಮುನ್ನ ಅಡಾಪ್ಟರಿನ ಅಂಚಿನಲ್ಲಿರುವ ಪುಟ್ಟ ಲಾಕ್ ಗುಂಡಿಯನ್ನು ನೋಡಿರಿ. ಅದು ಲಾಕ್ ಕಡೆಗೆ ಸರಿದಿದ್ದರೆ ಬರೆಯಲು ಸಾಧ್ಯವಾಗದು. ಬಳಿಕ ರಾಸ್ಪ್‌ಬೆರಿ ಪೈ ಸಂಸ್ಥೆಯೇ 2020ರಲ್ಲಿ ಉಚಿತವಾಗಿ ಹೊರತಂದ ಇಮೇಜರ್ ತಂತ್ರಾಂಶವನ್ನು ತೆರೆದು, ಬೋರ್ಡಿನ ಮಾದರಿಯನ್ನೂ ಆಪರೇಟಿಂಗ್ ಸಿಸ್ಟಮನ್ನೂ ಆರಿಸಿರಿ.

ಮುಂದಿನದು ಸ್ಟೋರೇಜ್ ಆಯ್ಕೆ. ಇಡೀ ಕೆಲಸದಲ್ಲಿ ಅಪಾಯವಿರುವುದು ಇಲ್ಲಿಯೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೂಡ ಇದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ತಪ್ಪಿ ಅದನ್ನೊತ್ತಿದರೆ ಮದುವೆಯ ಫೋಟೋಗಳಿಂದ ಹಿಡಿದು ಎಲ್ಲವೂ ಅಳಿಸಿಹೋಗುತ್ತವೆ. ಬೇರೆ ಡ್ರೈವುಗಳನ್ನೆಲ್ಲ ಮೊದಲೇ ಕಳಚಿಟ್ಟು, ಗಾತ್ರ ಹೋಲಿಸಿಯೇ ಮುಂದುವರಿಯಿರಿ. 32 ಜಿಬಿ ಕಾರ್ಡು 29ರಿಂದ 32ರ ನಡುವಿನ ಸಂಖ್ಯೆಯಾಗಿ ಕಾಣುವುದು ಸಹಜ.

ನಂತರ ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ವಿವರ ತುಂಬಿ, ಟೈಮ್ ಝೋನ್ ಏಷ್ಯಾ/ಕೋಲ್ಕತಾ ಎಂದಿಡಿರಿ. ಹಳೆಯ ಪುಸ್ತಕಗಳಲ್ಲಿರುವ ‘ಪೈ’ ಎಂಬ ಸಿದ್ಧ ಬಳಕೆದಾರರ ಖಾತೆಯನ್ನು 2022ರ ಏಪ್ರಿಲ್‌ನಲ್ಲಿ ತೆಗೆದುಹಾಕಲಾಗಿದೆ. ಬರೆದಾದ ಮೇಲೆ ತಂತ್ರಾಂಶವು ಕಾರ್ಡನ್ನು ತಿರುಗಿ ಓದಿ ತಾಳೆ ನೋಡುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿರಿ.

ಈಗ ವಿಂಡೋಸ್, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಬಹುದು. ಲಿನಕ್ಸ್ ಭಾಗ ಅದಕ್ಕೆ ಅರ್ಥವಾಗದಿರುವುದೇ ಕಾರಣ. ಕ್ಯಾನ್ಸಲ್ ಒತ್ತಿ, ಇಜೆಕ್ಟ್ ಮಾಡಿ ಕಾರ್ಡನ್ನು ತೆಗೆದು, ವಿದ್ಯುತ್ ಇಲ್ಲದ ಸ್ಥಿತಿಯಲ್ಲೇ ಬೋರ್ಡಿಗೆ ಹಾಕಿರಿ. ಮೊದಲ ಸಲ ಚಾಲೂ ಆದಾಗ ಸಿಸ್ಟಂ ಕಾರ್ಡಿನ ಉಳಿದ ಜಾಗಕ್ಕೂ ತಾನೇ ಹರಡಿಕೊಂಡು ರೀಸ್ಟಾರ್ಟ್ ಆಗುತ್ತದೆ. ಡೆಸ್ಕ್‌ಟಾಪ್ ಮೂಡುವವರೆಗೆ ಪ್ಲಗ್ಗನ್ನು ಕೀಳಬಾರದು.